ಉಂಗುರ ನಿಲ್ಲಬೇಕು, ಮರಳು ಇಳಿಯಬೇಕು

ಕೇಳುಗರಿಗೆ ನಮಸ್ಕಾರ. ಕೋಲಾರದವನು ಕಡಲ ಮರಳು ಸೋಸುವ ಸಲಿಕೆಯ ಬಗ್ಗೆ ಮಾತಾಡ್ತಾನೆ ಅಂದರೆ ನಗು ಬರಬಹುದು. ಆದರೆ ನಮಗೆ ಕಡಲು ಅಂದರೆ ಚೆನ್ನೈ. ಮಂಗಳೂರಿಗಿಂತ ಅದೇ ಹತ್ತಿರ.

ಹೋದ ವರ್ಷ ಅಲ್ಲಿ ಅಕ್ಕನ ಮಗಳ ಉಂಗುರ ಅಲೆಗಳಲ್ಲಿ ಜಾರಿಹೋಯಿತು. ಸ್ನೇಹಿತರೊಬ್ಬರ ಮೆಟಲ್ ಡಿಟೆಕ್ಟರ್ ತಂದು ಹುಡುಕಿದೆವು. ಅದು ಕೂಗಿತು. ಅಗೆಯೋಕೆ ಇದ್ದದ್ದು ಮಕ್ಕಳ ಪ್ಲಾಸ್ಟಿಕ್ ಸಲಿಕೆ. ತೋಡಿದಷ್ಟೂ ಹಸಿ ಮರಳು ಕುಸಿದು ಗುಂಡಿ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಹಿಡಿಯೇ ಮುರಿಯಿತು.

ಇದಕ್ಕೆ ಬೇಕಾದದ್ದು ತೂತುಗಳಿರುವ ಸಲಿಕೆ. ಮನೆ ಕಟ್ಟಿಸಿದವರಿಗೆ ಜರಡಿ ಗೊತ್ತಲ್ವಾ? ಗಾರೆಗೆ ಒಂದು, ಪ್ಲಾಸ್ಟರಿಂಗಿಗೆ ಸಣ್ಣ ಕಣ್ಣಿನ ಇನ್ನೊಂದು. ಇಲ್ಲೂ ಅದೇ ಲೆಕ್ಕ. ಹನ್ನೆರಡು ಮಿಲಿಮೀಟರ್ ಕಣ್ಣಿದ್ದರೆ ಉಂಗುರ ನಿಲ್ಲುತ್ತದೆ, ಹಸಿ ಮರಳೂ ಬೇಗ ಇಳಿಯುತ್ತದೆ. ಆದರೆ ಓಲೆಯ ತಿರುಪು ಜಾರಿಬಿಡುತ್ತದೆ. ಅದಕ್ಕೆ ಸಣ್ಣ ಕಣ್ಣೇ ಬೇಕು, ಒಣ ಮರಳಲ್ಲಿ ಮಾತ್ರ. ಹಸಿಯಲ್ಲಿ ಅದು ಕಟ್ಟಿಕೊಂಡು ಕೈ ಸೋಲುತ್ತದೆ.

ಒಣ ಮರಳಿಗೆ ಹಗುರವಾದ ಪ್ಲಾಸ್ಟಿಕ್ ಸಾಕು. ಅದಕ್ಕೆ ಡಿಟೆಕ್ಟರ್ ಕೂಗುವುದೂ ಇಲ್ಲ. ಮೊಣಕಾಲು ನೀರಲ್ಲಿ ನಿಲ್ಲುವವರಿಗೆ ಉದ್ದ ಹಿಡಿಯ ಸ್ಟೇನ್‌ಲೆಸ್ ಸ್ಟೀಲ್ ಬೇಕು, ಕಾಲಿಟ್ಟು ಒತ್ತಲು ಹಿಂದೆ ಒಂದು ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ನಾನು ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ತೂಕ ಸ್ವಲ್ಪ ಜಾಸ್ತಿ ಆಯ್ತು, ನನ್ನದೇ ತಪ್ಪು. ಹುಡುಕುವಾಗ ಅದನ್ನು ದೂರ ಇಡಿ, ಇಲ್ಲದಿದ್ದರೆ ಡಿಟೆಕ್ಟರ್ ಅದನ್ನೇ ಕಂಡು ಕೂಗುತ್ತದೆ.

ಇನ್ನು ಕಾನೂನು. ಆಲಿವ್ ರಿಡ್ಲೆ ಆಮೆಗಳು ಚೆನ್ನೈ ತೀರದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೊಟ್ಟೆ ಇಡುತ್ತವೆ. 1972ರ ವನ್ಯಜೀವಿ ಕಾಯ್ದೆ ಅವುಗಳನ್ನು ಕಾಯುತ್ತದೆ. ಆದ್ದರಿಂದ ಮೊಟ್ಟೆ ಇಟ್ಟು ಮರಿ ಹೊರಡುವ ತನಕ ಅಲೆ ಮುಟ್ಟದ ಮೇಲಿನ ಒಣ ಮರಳನ್ನು ಕೆದಕಬೇಡಿ. ತೋಡಿದ ಗುಂಡಿ ಮುಚ್ಚಿ. ಹಾಗೇ ಡಿಟೆಕ್ಟರ್ ಇದೆ ಅಂತ ಸುಮ್ನೆ ನಮ್ಮ ಕೋಲಾರಮ್ಮನ ಗುಡಿ, ಸೋಮೇಶ್ವರ ಗುಡಿ ಸುತ್ತ ಹೋಗಿ ಅಗೆಯಬೇಡಿ. ಅವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಹೂತ ನಿಧಿಗೂ ಕಾಯ್ದೆ ಇದೆ, 1878ರದ್ದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ನಮ್ಮ ರಾಜ್ಯಕ್ಕೆ 1962ರ ಬೇರೆ ಕಾಯ್ದೆ ಇದೆ.

ಹೊಸ ಸಲಿಕೆ ಹಿಡಿದು ಮತ್ತೆ ಹೋದೆವು. ಉಂಗುರ ಸಿಗಲಿಲ್ಲ. ಸಿಕ್ಕಿದ್ದು ಸೋಡಾ ಮುಚ್ಚಳಗಳು, ಒಂದು ಹತ್ತು ರೂಪಾಯಿ ನಾಣ್ಯ. ಹತ್ತು ದಾಟಿರಲಿಲ್ಲ, ಹಾಗಾಗಿ ಕಲೆಕ್ಟರಿಗೆ ತಿಳಿಸಲಿಲ್ಲ. ನಮಸ್ಕಾರ.