ನಡತೆಯ ನಿಘಂಟು

ಕೇಳುಗರಿಗೆ ನಮಸ್ಕಾರ.

ಅಮ್ಮ ಓದುತ್ತಿದ್ದ ಭಗವದ್ಗೀತೆಯ ಒಂದು ಪ್ರತಿ ನಮ್ಮ ಮನೆಯಲ್ಲಿದೆ. ಅಂಗೈಯಗಲದ ಪುಸ್ತಕ, ರಟ್ಟು ಕಿತ್ತುಹೋದ ಮೇಲೆ ಅಮ್ಮ ತನ್ನ ಹಳೆಯ ಸೀರೆಯ ಸೆರಗಿನ ತುಂಡನ್ನು ಅಂಟಿಸಿ ಅದಕ್ಕೆ ಹೊದಿಕೆ ಮಾಡಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಎಲೆ ಹಾಕುವ ಮೊದಲು, ಅಣ್ಣ ಮತ್ತು ನಾನು ಅವಳ ಮುಂದೆ ಕುಳಿತು ದಿನಕ್ಕೊಂದು ಶ್ಲೋಕವನ್ನು ಒಪ್ಪಿಸಬೇಕಿತ್ತು. ಹೊಸ ಶ್ಲೋಕಕ್ಕೆ ಹೋಗುವ ಮುನ್ನ ಹಿಂದಿನ ಎರಡು ಮೂರನ್ನೂ ಸೇರಿಸಿ ಹೇಳಬೇಕು ಎಂಬುದು ಅವಳ ನಿಯಮ. ಅರ್ಥ ಕೇಳಿದರೆ, "ಮೊದಲು ಬಾಯಿಗೆ ಬರಲಿ, ಅರ್ಥ ಅದರ ಕಾಲಕ್ಕೆ ಬರುತ್ತದೆ" ಎನ್ನುತ್ತಿದ್ದಳು.

ಮೂವತ್ತು ವರ್ಷಗಳು ಕಳೆದ ಮೇಲೆ ಅದೇ ಅಮ್ಮ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ದಿನ ಮಲಗಿದ್ದಳು. ರಾತ್ರಿಯೆಲ್ಲ ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ಪುಸ್ತಕ ಜೊತೆಯಲ್ಲಿರಲಿಲ್ಲ, ಇದ್ದಿದ್ದರೂ ಅಕ್ಷರಗಳು ಕಣ್ಣಿಗೆ ಹತ್ತುತ್ತಿರಲಿಲ್ಲ. ಆದರೆ ಒಳಗಿನ ಬಾಗಿಲು ತೆರೆದು ನರ್ಸ್ ಯಾರದೋ ಹೆಸರು ಕೂಗಿದಾಗಲೆಲ್ಲ, ಕರೆಯದೆಯೇ, ಎರಡನೆಯ ಅಧ್ಯಾಯದ 14ನೆಯ ಶ್ಲೋಕದ ಕೊನೆಯ ಸಾಲು ನಾಲಗೆಗೆ ಬರುತ್ತಿತ್ತು: "ಆಗಮಾಪಾಯಿನೋಽನಿತ್ಯಾಸ್ತಾಂಸ್ತಿತಿಕ್ಷಸ್ವ ಭಾರತ." ಚಳಿ ಸೆಕೆಗಳಂತೆ ಸುಖದುಃಖಗಳೂ ಬಂದು ಹೋಗುವಂಥವು, ಅವನ್ನು ಸಹಿಸಿಕೋ ಎಂಬುದು ಅದರ ಭಾವ. ಎಲ್ಲ ಸರಿಹೋಗುತ್ತದೆ ಎಂದು ಅಲ್ಲಿ ಕೃಷ್ಣ ಭರವಸೆ ಕೊಡುವುದಿಲ್ಲ. ನೋವೇ ಇಲ್ಲವೆಂದೂ ಹೇಳುವುದಿಲ್ಲ. "ತಿತಿಕ್ಷಸ್ವ" ಎಂಬ ಒಂದು ಕ್ರಿಯಾಪದವನ್ನು ಕೈಗೆ ಕೊಡುತ್ತಾನೆ. ಆ ಬೆಂಚಿನ ಮೇಲೆ ನನಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ, ಮತ್ತು ಅದು ನನ್ನನ್ನು ಬೆಳಗಿನವರೆಗೆ ದಾಟಿಸಿತು.

ಕಷ್ಟಕಾಲದಲ್ಲಿ ಧರ್ಮಗ್ರಂಥವೇ ದಾರಿದೀಪ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಿಮ್ಮ ಮನೆಯಲ್ಲಿ ಆ ಸ್ಥಾನದಲ್ಲಿರುವುದು ವಚನಗಳ ಸಂಪುಟವಿರಬಹುದು, ಕುರಾನ್ ಇರಬಹುದು, ಬೈಬಲ್ ಇರಬಹುದು. ನಾನು ನನಗೆ ತಿಳಿದಿರುವ ಗೀತೆಯನ್ನು ಹಿಡಿದು ಮಾತನಾಡುತ್ತೇನೆ. ನನ್ನ ಅನುಭವಕ್ಕೆ ಬಂದದ್ದು ಇಷ್ಟು: ಕಷ್ಟ ಬಂದಾಗ ಮಾತ್ರ ತೆರೆಯುವ ಗ್ರಂಥ ಕಷ್ಟಕ್ಕೆ ಒದಗುವುದು ಕಡಿಮೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ನೆಮ್ಮದಿಯ ದಿನಗಳಲ್ಲಿ ಒಳಗಿಳಿದ ಮಾತೇ ಸಂಕಟದ ದಿನ ಮೇಲೆದ್ದು ಬರುತ್ತದೆ.

ಗೀತೆ ಹುಟ್ಟಿದ್ದೇ ಒಬ್ಬ ಮನುಷ್ಯನ ಸಂಕಟದಲ್ಲಿ. ಮೊದಲನೆಯ ಅಧ್ಯಾಯದಲ್ಲಿ ಅರ್ಜುನ ತನ್ನ ಸ್ಥಿತಿಯನ್ನು ವೈದ್ಯರೆದುರು ಹೇಳಿಕೊಳ್ಳುವಷ್ಟು ನಿಖರವಾಗಿ ಹೇಳುತ್ತಾನೆ: ಅಂಗಾಂಗಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲಾರೆ. ಆ ಅಧ್ಯಾಯಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅರ್ಜುನವಿಷಾದಯೋಗ. ವಿಷಾದವನ್ನೂ ಒಂದು ಯೋಗವೆಂದು ಕರೆದ ಆ ಹೆಸರಿನ ಮುಂದೆ ನಾನು ಅನೇಕ ಬಾರಿ ತಲೆಬಾಗಿದ್ದೇನೆ. ಎದೆಗುಂದಿದವನನ್ನು ಹೊರಗೆ ನಿಲ್ಲಿಸಿ ಈ ಗ್ರಂಥ ಮಾತು ಆರಂಭಿಸುವುದಿಲ್ಲ.

ಗೀತೆಯನ್ನು ಹೀಗೆ ದಿನದ ಬದುಕಿಗೆ ಹಚ್ಚಿಕೊಂಡವರಲ್ಲಿ ಮಹಾತ್ಮ ಗಾಂಧಿಯವರಷ್ಟು ವಿವರವಾಗಿ ಆ ಕಥೆಯನ್ನು ಹೇಳಿಕೊಂಡವರು ವಿರಳ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ, ಥಿಯೊಸೊಫಿ ಎಂಬ ಆಧ್ಯಾತ್ಮಿಕ ಪಂಥದ ಇಬ್ಬರು ಅನುಯಾಯಿಗಳು ತಾವು ಇಂಗ್ಲಿಷಿನಲ್ಲಿ ಓದುತ್ತಿದ್ದ ಗೀತೆಯ ಮೂಲವನ್ನು ಜೊತೆಗೂಡಿ ಓದೋಣವೆಂದು ಅವರನ್ನು ಕರೆದರು. ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ಅದನ್ನು ತಾನು ಓದಿಯೇ ಇಲ್ಲವಲ್ಲ ಎಂದು ಆ ತರುಣನಿಗೆ ನಾಚಿಕೆಯಾಯಿತು. ಅದು ನಿತ್ಯಪಾಠವಾಗಲು ಇನ್ನೂ ಕೆಲವು ವರ್ಷಗಳು ಬೇಕಾದವು. 1903ರ ಸುಮಾರಿಗೆ ಜೋಹಾನ್ಸ್‌ಬರ್ಗಿನಲ್ಲಿ, ವಕೀಲಿಕೆಯ ನಡುವೆ ಬೇರೆ ಬಿಡುವು ಸಿಗದೆ, ಅವರು ಬೆಳಗಿನ ಮೂವತ್ತೈದು ನಿಮಿಷಗಳನ್ನು ಇದಕ್ಕೆ ಎತ್ತಿಟ್ಟರು: ಹಲ್ಲುಜ್ಜಲು ಹದಿನೈದು, ಸ್ನಾನಕ್ಕೆ ಇಪ್ಪತ್ತು. ಹಲ್ಲುಜ್ಜುತ್ತ ನಿಲ್ಲುವ ಜಾಗದ ಎದುರು ಗೋಡೆಗೆ ಶ್ಲೋಕಗಳನ್ನು ಬರೆದ ಚೀಟಿಗಳನ್ನು ಅಂಟಿಸಿ, ನೋಡುತ್ತ, ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹದಿಮೂರು ಅಧ್ಯಾಯಗಳನ್ನು ಬಾಯಿಪಾಠ ಮಾಡಿದರು. ಪೂಜೆಯ ಕೋಣೆಗಾಗಿ, ಮೌನದ ಮುಂಜಾವಿಗಾಗಿ ಅವರು ಕಾಯಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಅರ್ಥವಾಗದ ಇಂಗ್ಲಿಷ್ ಪದಕ್ಕೆ ನಿಘಂಟನ್ನು ನೋಡುವಂತೆ, ನಡತೆಯ ತೊಡಕುಗಳಿಗೆ ಗೀತೆಯನ್ನು ನೋಡುತ್ತಿದ್ದೆ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ ಆ ನಿಘಂಟು ಅವರಿಗೆ ಕೊಟ್ಟದ್ದು ಸಮಾಧಾನವನ್ನಷ್ಟೇ ಅಲ್ಲ. ಅಪರಿಗ್ರಹ, ಅಂದರೆ ಏನನ್ನೂ ತನ್ನದೆಂದು ಕೂಡಿಡದಿರುವುದು, ಮತ್ತು ಸಮಭಾವ ಎಂಬ ಎರಡು ಪದಗಳು ಅವರನ್ನು ಕಾಡತೊಡಗಿದವು. ಹೆಂಡತಿ ಮಕ್ಕಳ ಭವಿಷ್ಯಕ್ಕೆಂದು ಹಿಂದೆ ಮುಂಬಯಿಯಲ್ಲಿ ಮಾಡಿಸಿದ್ದ ಜೀವವಿಮೆಯನ್ನು, ಅವರನ್ನು ಸೃಷ್ಟಿಸಿದ ದೇವರೇ ಅವರನ್ನು ನೋಡಿಕೊಳ್ಳುವನೆಂದು ನಂಬಿ, ಕೈಬಿಟ್ಟರು. ತಂದೆಯ ಸ್ಥಾನದಲ್ಲಿದ್ದ ಅಣ್ಣ ಲಕ್ಷ್ಮೀದಾಸರಿಗೆ, ಇನ್ನು ಮುಂದೆ ಉಳಿತಾಯವನ್ನು ಕಳಿಸಲಾರೆ, ಅದು ಸಮುದಾಯದ ಕೆಲಸಕ್ಕೆ ಸಲ್ಲುತ್ತದೆ ಎಂದು ಬರೆದರು. ಅಣ್ಣನಿಗೆ ತೀರದ ನೋವಾಯಿತು, ಪತ್ರ ಬರೆಯುವುದನ್ನೇ ನಿಲ್ಲಿಸಿದರು. ಬಹಳ ವರ್ಷಗಳ ನಂತರ, ಸಾವು ಹತ್ತಿರವಾದಾಗ, ಆ ಅಣ್ಣ ಪ್ರೀತಿಯಿಂದ ಕಾಗದ ಬರೆದು ತನ್ನ ಮಕ್ಕಳನ್ನು ತಮ್ಮನ ಕೈಗೊಪ್ಪಿಸಿದರು, ನೋಡಲು ಬರುತ್ತೇನೆಂದು ತಂತಿ ಕಳಿಸಿದರು. ಬಾ ಎಂದು ತಮ್ಮನೂ ತಂತಿ ಕಳಿಸಿದರು. ಭೇಟಿ ಆಗಲಿಲ್ಲ. ಗ್ರಂಥವನ್ನು ನಂಬಿ ನಡೆಯುವುದು ಸುಲಭದ ದಾರಿ ಎಂದು ಯಾರಾದರೂ ಹೇಳಿದಾಗ ನನಗೆ ಈ ಎರಡು ತಂತಿಗಳು ನೆನಪಾಗುತ್ತವೆ. ಗಾಂಧಿಯವರು ಗೀತೆಯನ್ನು 'ಅನಾಸಕ್ತಿಯೋಗ' ಎಂಬ ಹೆಸರಿನಲ್ಲಿ ಗುಜರಾತಿಗೆ ತಂದಾಗ, ನಲವತ್ತು ವರ್ಷ ಅದರಂತೆ ನಡೆಯಲು ಯತ್ನಿಸಿದ್ದಷ್ಟೇ ತನ್ನ ಅರ್ಹತೆ ಎಂಬ ಅರ್ಥದ ಮಾತನ್ನು ಮುನ್ನುಡಿಯಲ್ಲಿ ಬರೆದರು. ಆ ಪುಸ್ತಕ ಹೊರಬಂದದ್ದು 1930ರ ಮಾರ್ಚ್ 12ರಂದು, ದಂಡಿಗೆ ಹೊರಟ ದಿನವೇ. ನಮ್ಮ ಡಿ. ವಿ. ಗುಂಡಪ್ಪನವರೂ ಗೀತೆಯ ತಾತ್ಪರ್ಯವನ್ನು ಕನ್ನಡದಲ್ಲಿ ಬರೆದು ಅದಕ್ಕೆ 'ಜೀವನಧರ್ಮಯೋಗ' ಎಂದು ಹೆಸರಿಟ್ಟರು. ಅವರ ಕಣ್ಣಿಗೂ ಅದು ಬದುಕುವವರ ಗ್ರಂಥವಾಗಿಯೇ ಕಂಡಿತ್ತು.

ಗ್ರಂಥವನ್ನು ನಂಬುವುದೆಂದರೆ ವಿವೇಕವನ್ನು ಅಡವಿಡುವುದಲ್ಲ. 1925ರಲ್ಲಿ ಕೇರಳದ ವೈಕಂಗೆ ಹೋಗಿ, ದೇವಸ್ಥಾನದ ಸುತ್ತಲ ರಸ್ತೆಗಳಲ್ಲಿ ಕೆಳಜಾತಿಯವರು ನಡೆಯಬಾರದೆಂದು ಶಾಸ್ತ್ರವನ್ನು ಮುಂದಿಟ್ಟವರೊಡನೆ ವಾದಿಸಿದವರೂ ಇದೇ ಗಾಂಧಿಯವರು. ಅಸ್ಪೃಶ್ಯತೆಯನ್ನು ಸಮರ್ಥಿಸುವ ಶಾಸ್ತ್ರವನ್ನು ತಾನು ಶಾಸ್ತ್ರವೆಂದು ಒಪ್ಪಲಾರೆ ಎಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ನಮಗೆ ಬೇಕಾದುದನ್ನು ಗ್ರಂಥದ ಬಾಯಲ್ಲಿ ಹೇಳಿಸುವ ಚಪಲ ದೊಡ್ಡವರ ಸಭೆಗಳಲ್ಲಿ ಮಾತ್ರವಲ್ಲ, ನಮ್ಮ ನಿಮ್ಮ ಮನೆಗಳಲ್ಲೂ ಇದೆ. ನನ್ನಲ್ಲೂ ಇತ್ತು.

ಅಮ್ಮ ತೀರಿಹೋದ ಮರುವರ್ಷ ಊರಿನ ಮನೆ ಮತ್ತು ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಅಣ್ಣನಿಗೂ ನನಗೂ ಮಾತು ಬೆಳೆಯಿತು. ವಕೀಲರು ನೋಟಿಸಿನ ಕರಡನ್ನು ಸಿದ್ಧಮಾಡಿ ಕೊಟ್ಟರು, ನನ್ನ ಸಹಿಯೊಂದು ಬಾಕಿ ಇತ್ತು. ಆ ರಾತ್ರಿ ಕರಡನ್ನು ಮುಂದಿಟ್ಟುಕೊಂಡು ನನಗೆ ನಾನೇ ಧೈರ್ಯ ಹೇಳಿಕೊಳ್ಳುವವರಂತೆ ಎರಡನೆಯ ಅಧ್ಯಾಯದ 37ನೆಯ ಶ್ಲೋಕವನ್ನು ಹೇಳಿಕೊಂಡೆ: "ತಸ್ಮಾದುತ್ತಿಷ್ಠ ಕೌಂತೇಯ ಯುದ್ಧಾಯ ಕೃತನಿಶ್ಚಯಃ." ಏಳು, ಹೋರಾಡಲು ನಿಶ್ಚಯಿಸು. ನನಗೆ ಬೇಕಾಗಿದ್ದ ಅಪ್ಪಣೆ ಸಿಕ್ಕಂತಾಯಿತು. ಆದರೆ ಚಿಕ್ಕಂದಿನಲ್ಲಿ ಹಿಂದುಮುಂದಿನ ಶ್ಲೋಕಗಳನ್ನು ಸೇರಿಸಿಯೇ ಹೇಳಿ ರೂಢಿಯಾದ ನಾಲಗೆ ಅಲ್ಲಿಗೆ ನಿಲ್ಲಲಿಲ್ಲ, ತಾನಾಗಿ 38ಕ್ಕೆ ಹೋಯಿತು: "ಸುಖದುಃಖೇ ಸಮೇ ಕೃತ್ವಾ ಲಾಭಾಲಾಭೌ ಜಯಾಜಯೌ." ಸುಖದುಃಖಗಳನ್ನು, ಲಾಭನಷ್ಟಗಳನ್ನು, ಸೋಲುಗೆಲುವುಗಳನ್ನು ಸಮವಾಗಿ ಕಂಡು ಆಮೇಲೆ ಯುದ್ಧಕ್ಕೆ ನಿಲ್ಲು ಎಂಬುದು ಅಪ್ಪಣೆಯ ಉಳಿದರ್ಧ. ಆ ಕರಡಿನಲ್ಲಿದ್ದದ್ದು ಲಾಭದ ಲೆಕ್ಕವಲ್ಲದೆ ಬೇರೇನೂ ಅಲ್ಲವೆಂದು ನನಗೇ ಗೊತ್ತಿತ್ತು. ಸಹಿ ಹಾಕಲು ಕೈ ಬರಲಿಲ್ಲ.

ಮರುದಿನ ಅಣ್ಣನಿಗೆ ಫೋನ್ ಮಾಡಿದೆ. ತೋಟದ ಪಾಲು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ; ಈ ಸಲ ಅಮ್ಮನ ತಿಥಿಗೆ ಅವನು ಬಂದಾಗಲೂ ಬೇಲಿಯ ಮಾತು ಬಂತು, ದನಿಗಳು ಒಂದಿಷ್ಟು ಏರಿದವು. ಸಂಜೆ ದೀಪ ಹಚ್ಚಿದ ಮೇಲೆ ಅವನೇ ಆ ಸೆರಗಿನ ಹೊದಿಕೆಯ ಪುಸ್ತಕವನ್ನು ಕೈಗೆತ್ತಿಕೊಂಡ. ಕನ್ನಡಕವನ್ನು ಊರಿನಲ್ಲೇ ಮರೆತು ಬಂದಿದ್ದ. ಪುಸ್ತಕವನ್ನು ಅಷ್ಟು ದೂರ ಹಿಡಿದು, ಓದಲಾಗದೆ, ಕೆಳಗಿಟ್ಟು, ನೆನಪಿನಿಂದಲೇ ಒಪ್ಪಿಸತೊಡಗಿದ. ಎರಡು ಕಡೆ ತಪ್ಪಿದ. ನಾನು ತಿದ್ದಿದೆ.

ನಮಸ್ಕಾರ.