ಮೊಬೈಲ್ ಅಲ್ಲ ಸ್ವಾಮಿ, ಜಾಗ!

ಹಾಂ, ನಮಸ್ಕಾರ ಎಲ್ಲರಿಗೂ. ಮೈಕ್ ಆನ್ ಇದೆ ತಾನೇ... ಇದೆ. ಇವತ್ತು ಬೇರೇನೋ ಮಾತಾಡ್ಬೇಕು ಅಂತಿದ್ದೆ, ಬರ್ದಿಟ್ಕೊಂಡೂ ಇದ್ದೆ, ಆದ್ರೆ ನಿನ್ನೆ ರಾತ್ರಿ ಒಂದು ಕಾಮೆಂಟ್ ಓದ್ಬಿಟ್ಟೆ ನೋಡಿ, ತಲೆ ಕೆಟ್ಟೋಯ್ತು. ಹೋದ ವಾರ ಪಂಜಾಬಿನ ಹಳ್ಳಿ ಹುಡುಗರು ಪಿಟ್ಠೂ ಆಡೋ ಒಂದು ಸಣ್ಣ ವಿಡಿಯೋ ಹಾಕಿದ್ದೆ ಅಲ್ವಾ. ಪಿಟ್ಠೂ ಅಂದ್ರೆ ಏನಿಲ್ಲ, ನಮ್ಮ ಲಗೋರಿನೇ, ಏಳು ಕಲ್ಲು, ಒಂದು ಚೆಂಡು, ಬೆನ್ನಿಗೆ ಬಿದ್ರೆ ಚುರ್ ಅನ್ನುತ್ತೆ. ಅದ್ರ ಕೆಳಗೆ ಒಬ್ಬ ಮಹಾನುಭಾವರು ಬರ್ದಿದಾರೆ, "ಎಷ್ಟು ಸಿಂಪಲ್ ಲೈಫ್ ಬ್ರೋ, ಈ ಮೊಬೈಲ್ ಬಂದು ಎಲ್ಲಾ ಹಾಳಾಯ್ತು." ಅದಕ್ಕೆ ನಾನ್ನೂರು ಲೈಕ್! ನನ್ನ ವಿಡಿಯೋಗೇ ಅಷ್ಟು ಲೈಕ್ ಬಂದಿಲ್ಲ.

ಮೊಬೈಲ್ ಅಲ್ಲ ಸ್ವಾಮಿ. ಜಾಗ. ಆಟ ಹೋಗಿದ್ದು ಆಡೋಕೆ ಜಾಗ ಹೋಗಿದ್ದಕ್ಕೆ. ಇದೊಂದೇ ಇವತ್ತಿನ ವಿಷಯ, ಅರ್ಜೆಂಟ್ ಇರೋರು ಸಬ್‌ಸ್ಕ್ರೈಬ್ ಮಾಡಿ ಇಲ್ಲೇ ಹೊರಟುಬಿಡಿ.

ಇದನ್ನ ಹೇಳೋಕೆ ನೀನ್ಯಾರು ಅಂತ ಕೇಳೋರಿಗೆ, ಹಳೇ ಸಬ್‌ಸ್ಕ್ರೈಬರ್‌ಗಳಿಗೆ ಗೊತ್ತು, ನಮ್ಮಪ್ಪ ಮಿಲಿಟರಿಲಿದ್ರು, ನಾನು ಮೂರನೇ ಕ್ಲಾಸಿಂದ ಏಳನೇ ಕ್ಲಾಸ್‌ವರೆಗೆ ಜಲಂಧರ್ ಕಂಟೋನ್ಮೆಂಟ್‌ನಲ್ಲಿ ಬೆಳೆದವನು. ಹಾಸನದ ಹುಡುಗ, ಆದ್ರೂ ಅಲ್ಲಿ ನನ್ನ ಹೆಸರು 'ಮದ್ರಾಸಿ'. ಅಲ್ಲಿ ಬಾಂದರ್ ಕಿಲ್ಲಾ ಅಂತ ಒಂದು ಆಟ ಇದೆ. ನೆಲಕ್ಕೆ ಒಂದು ಗೂಟ ಹೊಡೀತಾರೆ, ಅದಕ್ಕೆ ಹಗ್ಗ ಕಟ್ತಾರೆ, ಸುತ್ತ ಎಲ್ಲರ ಚಪ್ಪಲಿ ಶೂ ರಾಶಿ ಹಾಕ್ತಾರೆ. ಒಬ್ಬ ಕೋತಿ, ಅವನು ಹಗ್ಗ ಬಿಡದೆ ಚಪ್ಪಲಿ ಕಾಯ್ಬೇಕು, ಉಳಿದವರು ಕದೀಬೇಕು. ಎಲ್ಲಾ ಚಪ್ಪಲಿ ಹೋಯ್ತು ಅಂದ್ರೆ ಕೋತಿ ಓಡ್ಬೇಕು, ಓಡೋವಾಗ ಅದೇ ಚಪ್ಪಲಿಗಳಲ್ಲಿ ಬೀಳುತ್ತೆ ಏಟು. ಕೋತಿ ಯಾವಾಗ್ಲೂ ಯಾರಾಗ್ತಿದ್ದ ಅಂತ ನಾನು ಹೇಳ್ಬೇಕಾಗಿಲ್ಲ. ಐದು ವರ್ಷ ಪಂಜಾಬಿ ಜೂತಿ ಏಟು ತಿಂದಿದೀನಿ, ಮಾತಾಡೋ ಹಕ್ಕು ಇದೆ ನಂಗೆ.

ಸಿಂಪಲ್ ಅಂತೆ. ಕೋಟ್ಲಾ ಛಪಾಕಿ ನೋಡಿದೀರಾ? ನಮ್ಮ ಟೋಪಿ ಆಟದ ಥರಾನೇ, ಎಲ್ಲರೂ ಸುತ್ತ ಕೂತ್ಕೊಂಡಿರ್ತಾರೆ, ಒಬ್ಬ ಬಟ್ಟೆನ ಹುರಿ ಮಾಡ್ಕೊಂಡು ಹಿಂದೆ ಸುತ್ತುತಾನೆ, ಹಾಡು ಹೇಳ್ತಾನೆ, ಗುರುವಾರ ರಾತ್ರಿ ಬಂದಿದೆ, ಹಿಂದೆ ಮುಂದೆ ನೋಡಿದವನಿಗೆ ಗ್ರಹಚಾರ ಅಂತ. ತಿರುಗಿ ನೋಡಿದ್ರೆ ಏಟು, ನೋಡದೆ ಇದ್ರೆ ನಿನ್ನ ಹಿಂದೆನೇ ಬಟ್ಟೆ ಇಟ್ಟಿರ್ತಾನೆ, ಅದಕ್ಕೂ ಏಟು. ಇದು ಸಿಂಪಲ್ಲಾ? ಇದು ಆಫೀಸ್ ಕಣ್ರೀ. ಹುಡುಗೀರ್ದು ಕಿಕ್ಲಿ, ಕೈ ಕತ್ತರಿ ಹಾಕಿ ಹಿಡ್ಕೊಂಡು ಗಿರಗಿರ ತಿರುಗೋದು, ಉತ್ತರ ಕರ್ನಾಟಕದವರಿಗೆ ಫುಗಡಿ ಅಂದ್ರೆ ತಕ್ಷಣ ಗೊತ್ತಾಗುತ್ತೆ. ಐದು ಕಲ್ಲಾಟ ಅಲ್ಲಿ ಗೀಟೆ, ಕುಂಟೆಬಿಲ್ಲೆ ಅಲ್ಲಿ ಸ್ಟಾಪೂ, ಗೋಲಿ ಅಲ್ಲಿ ಬಂಟೆ, ಚಿನ್ನಿದಾಂಡು ಅಲ್ಲಿ ಗುಲ್ಲಿ ಡಂಡಾ. ಹೆಸರು ಬದಲಾದ್ರೂ ಎಲ್ಲದಕ್ಕೂ ಬೇಕಾಗಿರೋದು ಒಂದೇ, ಏನು? ಜಾಗ!

ಈಗ ಸ್ವಲ್ಪ ಸೀರಿಯಸ್ ಆಗಿ ಕೇಳಿ, ಇದನ್ನ ಯಾರೂ ಹೇಳಲ್ಲ. ಹಿಂದೆ ಪಂಜಾಬಲ್ಲಿ ಬೈಸಾಖಿ ಹಬ್ಬದ ಹೊತ್ತಿಗೆ, ಅಂದ್ರೆ ಏಪ್ರಿಲ್‌ನಲ್ಲಿ, ಗೋಧಿ ಕೊಯ್ಲು, ಆಮೇಲೆ ಎಷ್ಟೋ ಹೊಲ ಮಳೆಗಾಲದವರೆಗೆ ಖಾಲಿ ಬಿದ್ದಿರ್ತಿತ್ತು, ಆ ಖಾಲಿ ಹೊಲದಲ್ಲೇ ಕಬಡ್ಡಿ, ಅಲ್ಲೇ ಗುಲ್ಲಿ ಡಂಡಾ. ಹಸಿರು ಕ್ರಾಂತಿ ಬಂತು, ಟ್ಯೂಬ್‌ವೆಲ್ ಬಂತು, ಭತ್ತ ಬಂತು. ಪಂಜಾಬಿಗಳು ಅನ್ನ ತಿನ್ನೋರಲ್ಲ ರೀ, ರೊಟ್ಟಿ ತಿನ್ನೋರು, ಆದ್ರೆ 1960-61ರಲ್ಲಿ ಅಲ್ಲಿ ಭತ್ತ ಬೆಳೀತಿದ್ದಿದ್ದು ಸುಮಾರು 2.27 ಲಕ್ಷ ಹೆಕ್ಟೇರ್, ಈಗ 30 ಲಕ್ಷ ದಾಟಿದೆ. ಸರ್ಕಾರ ಒಳ್ಳೇ ಬೆಲೆಗೆ ತಗೊಳುತ್ತೆ, ರೈತ ಬೆಳೀತಾನೆ, ತಪ್ಪು ಅಂತ ನಾನು ಹೇಳಲ್ಲ, ನಾವೂ ಅದೇ ಅಕ್ಕಿ ತಿಂದಿರಬಹುದು. ಆದ್ರೆ ಗದ್ದೆ ತುಂಬ ನೀರು ನಿಂತ ಮೇಲೆ ಹುಡುಗ್ರು ಗುಲ್ಲಿ ಎಲ್ಲಿ ಹೊಡೀತಾರೆ, ಕಪ್ಪೆ ಜೊತೆನಾ?

ಇನ್ನೊಂದು ಲೆಕ್ಕ ಇದೆ, ಇದು ನಂಗೇ ಹೊಳೆದಿದ್ದು, ಕ್ರೆಡಿಟ್ ಕೊಡಿ. ಅಕ್ಟೋಬರ್ ನವೆಂಬರ್‌ನಲ್ಲಿ ಭತ್ತ ಕೊಯ್ದು ಮತ್ತೆ ಗೋಧಿ ಬಿತ್ತೋಕೆ ಸಿಗೋದು ಹೆಚ್ಚಂದ್ರೆ ಎರಡು ಮೂರು ವಾರ. ಅಷ್ಟರಲ್ಲಿ ಕೂಳೆ ಕೀಳೋಕಾಗಲ್ಲ ಅಂತ ಬೆಂಕಿ ಹಾಕ್ತಾರೆ, ಅದೇ ಹೊಗೆ, ಡೆಲ್ಲಿಯವರು ಪ್ರತಿ ವರ್ಷ ಟಿವಿಲಿ ಕೆಮ್ಮುತಾರಲ್ಲ. ಅಂದ್ರೆ ಚಳಿ ಶುರುವಾಗಿ ಆಡೋಕೆ ಒಳ್ಳೇ ಹವಾ ಇರೋ ಹೊತ್ತಲ್ಲಿ ಹೊಲ ಖಾಲಿ ಸಿಗೋದೇ ಆ ಮೂರು ವಾರ, ಆ ಮೂರು ವಾರನೂ ಬೂದಿ. ಏಪ್ರಿಲ್ ಮೇನಲ್ಲಿ ಖಾಲಿ ಇರುತ್ತಲ್ಲ ಅಂತೀರಾ? 44 ಡಿಗ್ರಿ ಬಿಸಿಲಲ್ಲಿ ನೀವು ಹೋಗಿ ಆಡಿ, ನಾನು ಇಲ್ಲಿಂದ ಚಪ್ಪಾಳೆ ಹೊಡೀತೀನಿ.

ಮೊಬೈಲ್ ಯಾವಾಗ ಬಂತು? ನಾನು ಅಲ್ಲಿದ್ದಿದ್ದು ತೊಂಬತ್ತರ ದಶಕದ ಕೊನೇಲಿ, ಆಗ ಯಾರ ಕೈಲಿತ್ತು ಮೊಬೈಲ್? ಆಗ್ಲೇ ಹಳ್ಳಿಯ ಬೇಬೇ ಒಬ್ರು, ಬೇಬೇ ಅಂದ್ರೆ ಅಜ್ಜಿ ಅನ್ನಿ, "ಪುತ್ತರ್, ನಮ್ ಕಾಲದಲ್ಲಿ ಬೆಳದಿಂಗಳಲ್ಲಿ ಕಣ್ಣಾಮುಚ್ಚಾಲೆ ಆಡ್ತಿದ್ವಿ, ಈಗ ಯಾರೂ ಆಡಲ್ಲ" ಅಂತಿದ್ರು. ಅದಕ್ಕೆ ಮುಂಚೆ ಎಂಬತ್ತರ ದಶಕದಲ್ಲಿ, ತೊಂಬತ್ತರ ಶುರುವಲ್ಲಿ ಉಗ್ರವಾದ, ಕತ್ತಲಾದ್ರೆ ಬಾಗಿಲು ಹಾಕ್ಕೊಂಡು ಒಳಗೆ. ಬೆಳದಿಂಗಳು ಇತ್ತು, ಅಂಗಳ ಇತ್ತು, ಹೊರಗೆ ಬರೋ ಧೈರ್ಯ ಇರ್ಲಿಲ್ಲ. ಅದೂ ಜಾಗ ಹೋದಂಗೇ ತಾನೇ?

ಇನ್ನು ಹಾಕಿ ಆಟ. ಕಂಟೋನ್ಮೆಂಟ್ ಪಕ್ಕದಲ್ಲೇ ಸಂಸಾರ್‌ಪುರ್ ಅಂತ ಹಳ್ಳಿ. ಸಂಸಾರ್‌ಪುರ್, ಹೆಸರು ನೋಡಿ, ಸಂಸಾರಿಗಳ ಊರು. ಒಂದೇ ಹಳ್ಳಿ, 14 ಒಲಿಂಪಿಯನ್ನರು! ಮೂರು ಒಲಿಂಪಿಕ್ ಚಿನ್ನ ಗೆದ್ದ ಉಧಮ್ ಸಿಂಗ್ ಆ ಊರಿನವರು. 1975ರ ವಿಶ್ವಕಪ್ ಗೆದ್ದ ಟೀಮಿನ ಕ್ಯಾಪ್ಟನ್ ಅಜಿತ್ ಪಾಲ್ ಸಿಂಗ್ ಆ ಊರಿನವರು, ಆ ಟೀಮಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಕೂಡ ಇದ್ರು, ಕೊಡಗಿನವರು ಒಂದು ಲೈಕ್ ಒತ್ತಿ. ಅಲ್ಲಿ ಹಳ್ಳಿ ಹುಡುಗ್ರು ಖಿದ್ದೋ ಖುಂಡಿ ಅಂತ ಆಡ್ತಿದ್ರು, ಹಳೇ ಬಟ್ಟೆ ಸುತ್ತಿ ಹೊಲೆದ ಚೆಂಡು ಖಿದ್ದೋ, ತುದಿ ಬಾಗಿರೋ ಕೋಲು ಖುಂಡಿ, ಅಷ್ಟೇ ಖರ್ಚು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಆಸ್ಟ್ರೋಟರ್ಫ್, ಅಂದ್ರೆ ಕೃತಕ ಹುಲ್ಲಿನ ಮೈದಾನ, ಬಂತು, ಅಲ್ಲಿಗೆ ಹುಲ್ಲಿನ ಮೇಲೆ ಕಲ್ತವನ ಕಥೆ ಮುಗೀತು. ಕೋಲು ಅದೇ, ಹುಡುಗ ಅವನೇ, ಕಾಲ ಕೆಳಗಿನ ನೆಲ ಬದಲಾಯ್ತು. ಇಲ್ಲಿ ಮೊಬೈಲ್ ಎಲ್ಲಿದೆ ತೋರಿಸಿ! ಹಾಕಿನ ನೋಕಿಯಾದವರು ಹಾಳು ಮಾಡಿದ್ರಾ?

ಸರಿ, ನೀರು ಕುಡೀತೀನಿ.

ಹಾಂ, "ಹಳ್ಳೀಲಿ ಎಲ್ಲರೂ ಒಟ್ಟಿಗೆ ಆಡ್ತಿದ್ರು" ಅಂತಾನೂ ಒಬ್ರು ಹಾಕಿದಾರೆ. ಯಾವ ಎಲ್ಲರೂ? 2011ರ ಜನಗಣತಿ ಪ್ರಕಾರ ಪಂಜಾಬಲ್ಲಿ ದಲಿತರು ಸುಮಾರು 32 ಪರ್ಸೆಂಟ್, ದೇಶದಲ್ಲೇ ಅಷ್ಟು ಪ್ರಮಾಣ ಬೇರೆ ಯಾವ ರಾಜ್ಯದಲ್ಲೂ ಇಲ್ಲ, ಆದ್ರೆ ಅವರ ಕೇರಿ ಊರಿನ ಒಂದು ಪಕ್ಕ, ಜಮೀನು ಮಾತ್ರ ಹೆಚ್ಚಿನದೆಲ್ಲ ಜಾಟ್ ಜಾತಿಯವರ ಕೈಲಿ. ಊರಿನ ಸಾಮೂಹಿಕ ಜಮೀನಿಗೆ ಶಾಮ್ಲಾತ್ ಅಂತಾರೆ, ನಮ್ಮ ಗೋಮಾಳದ ಥರ ಅನ್ಕೊಳ್ಳಿ. 1961ರ ಕಾನೂನು ಇದೆ, ಗುತ್ತಿಗೆ ಕೊಡೋ ಅಂಥ ಸಾಗುವಳಿ ಜಮೀನಲ್ಲಿ ಮೂರನೇ ಒಂದು ಭಾಗ ದಲಿತರಿಗೆ ಮೀಸಲು, ಅದನ್ನ ನಿಜವಾಗ್ಲೂ ಪಡೆಯೋಕೆ ಸಂಗ್ರೂರ್ ಕಡೆ ಜನ ಬೀದಿಗಿಳಿದು ಹೋರಾಡ್ಬೇಕಾಯ್ತು. ಉಳುಮೆ ಜಾಗಕ್ಕೇ ಈ ಪಾಡು, ಇನ್ನು ಆಟದ ಜಾಗ ಯಾರು ಕೊಡ್ತಾರೆ. ನೀವು ನೋಡ್ತಿರೋ ಸಿಂಪಲ್ ಲೈಫು ಮಂಚದ ಮೇಲೆ ಕೂತವನ ಕಣ್ಣಿಂದ ಕಂಡಿದ್ದು ಗುರು, ಸಗಣಿ ಎತ್ತುತಿದ್ದವಳನ್ನ ಕೇಳಿದ್ರೆ ಅವಳು ಸಿಂಪಲ್ ಅನ್ನಲ್ಲ.

ಇದನ್ನ ಹೇಳಿದ್ರೆ ನಂಗೆ ಪಂಜಾಬ್ ವಿರೋಧಿ ಅಂತೀರಾ, ಅನ್ನಿ. ನಮ್ಮನೇಲಿ ಈಗಲೂ ಚಳಿಗಾಲದಲ್ಲಿ ಸರ್ಸೋಂ ದಾ ಸಾಗ್, ಅದೇ ಪಂಜಾಬಿ ಸಾಸಿವೆ ಸೊಪ್ಪಿನ ಪಲ್ಯ, ಮಾಡ್ತಾರೆ, ರಾಗಿ ರೊಟ್ಟಿ ಜೊತೆ ತಿಂತೀವಿ, ನನ್ನ ಹೆಂಡ್ತಿ ಬೈತಾಳೆ, ಅದು ಬೇರೆ.

ಇನ್ನೊಬ್ಬರ ವಾದ, "ಮಕ್ಕಳೆಲ್ಲ ಕೆನಡಾಗೆ ಹೋದ್ರು, ಜಾಗ ಇದ್ರೂ ಆಡೋರ್ಯಾರು?" ಹಾಂ... ಇದು ಸ್ವಲ್ಪ ಪಾಯಿಂಟೇ. ಜಲಂಧರ್ ಕಡೆ ಹೋಗಿ ನೋಡಿ, ಮನೆ ಮೇಲಿನ ನೀರಿನ ಟ್ಯಾಂಕನ್ನೇ ವಿಮಾನದ ಆಕಾರದಲ್ಲಿ ಕಟ್ಟಿಸಿದಾರೆ, ಫುಟ್‌ಬಾಲ್ ಆಕಾರದ್ದೂ ಇದೆ. ಆಡೋ ಹುಡುಗ ಫಾರಿನ್‌ನಲ್ಲಿ, ಫುಟ್‌ಬಾಲ್ ತಾರಸಿ ಮೇಲೆ. ತಲ್ಹನ್ ಅನ್ನೋ ಊರಲ್ಲಿ ಗುರುದ್ವಾರಕ್ಕೆ ಜನ ಆಟಿಕೆ ವಿಮಾನ ಹರಕೆ ಒಪ್ಪಿಸ್ತಾರೆ, ವೀಸಾ ಸಿಗ್ಲಿ ಅಂತ. ಹೊರಗಡೆ ಅಂಗಡೀಲಿ ಸಾಲಾಗಿ ವಿಮಾನ ಇಟ್ಕೊಂಡಿರ್ತಾರೆ, ಕೊಳ್ಳೋರು ಮಾತ್ರ ಮೀಸೆ ಬಂದವರು. ಆದ್ರೂ ನಾನು ಹೇಳ್ತೀನಿ, ಅವ್ರು ಹೋಗಿದ್ದು ಯಾಕೆ? ಜಮೀನು ಅಣ್ಣ ತಮ್ಮಂದಿರಲ್ಲಿ ಭಾಗ ಆಗಿ ಆಗಿ ಚೂರಾಯ್ತು, ಅದಕ್ಕೇ ಹೋದ್ರು. ಅಂದ್ರೆ ಏನು ಹೋಯ್ತು? ಜಾಗ! ನೋಡಿ, ಎಲ್ಲಿ ಸುತ್ತಿದ್ರೂ ಅಲ್ಲಿಗೇ ಬರ್ತೀವಿ. ಕೆನಡಾದಲ್ಲಿ ಕಬಡ್ಡಿ ಟೂರ್ನಮೆಂಟ್ ಮಾಡ್ತಾರೆ ಗೊತ್ತಾ, ಯಾಕೆ? ಅಲ್ಲಿ ಜಾಗ ಇದೆ! ಅವ್ರ ಹತ್ರ ಮೊಬೈಲ್ ಇಲ್ವಾ? ನಿಮಗಿಂತ ದೊಡ್ಡ ಮೊಬೈಲ್ ಇದೆ.

ಕಿಲಾ ರಾಯ್‌ಪುರ್ ಬಗ್ಗೆ ಹೇಳ್ಬೇಕಿತ್ತು, 1933ರಿಂದ ನಡೀತಿರೋ ಗ್ರಾಮೀಣ ಕ್ರೀಡೆ, ಅಲ್ಲಿನ ಎತ್ತಿನಗಾಡಿ ಓಟಕ್ಕೂ ನಮ್ಮ ಕಂಬಳಕ್ಕೂ 2014ರ ಒಂದೇ ಸುಪ್ರೀಂ ಕೋರ್ಟ್ ತೀರ್ಪಿನಿಂದ ಏಟು ಬಿದ್ದಿದ್ದು, ಬರ್ಕೊಂಡೂ ಇದೀನಿ ಇಲ್ಲಿ, ಆದ್ರೆ ಅದಕ್ಕೂ ಜಾಗಕ್ಕೂ ಏನು ಸಂಬಂಧ ಅಂತ ಬರ್ದಿದ್ದು ನಂಗೇ ಈಗ ಓದೋಕಾಗ್ತಿಲ್ಲ, ನನ್ನ ಅಕ್ಷರ ಹಂಗಿದೆ. ಬಿಡಿ. ಜಾಗ. ಸಂಬಂಧ ಇರುತ್ತೆ.

ಲಗೋರಿ ಟೀ ಶರ್ಟ್ ಮಾಡ್ಸಿದೀವಿ, ಏಳು ಕಲ್ಲಿನ ಚಿತ್ರ ಇದೆ, ಪ್ರಿಂಟ್ ಮಾಡೋನು ಆರೇ ಹಾಕಿದಾನೆ, ಅದಕ್ಕೇ ಡಿಸ್ಕೌಂಟು, ಲಿಂಕ್ ಕೆಳಗಿದೆ. ಮತ್ತೆ ಆ ಕಾಮೆಂಟ್ ಹಾಕಿದವರೇ, ಬೇಜಾರಾಗ್ಬೇಡಿ, ಬನ್ನಿ ಒಂದ್ಸಲ ಬಾಂದರ್ ಕಿಲ್ಲಾ ಆಡೋಣ, ಗೂಟ ನಂದು, ಹಗ್ಗ ನಂದು, ಕೋತಿ ನೀವು. ನಾನ್ನೂರು ಲೈಕ್ ಒತ್ತಿದವರೂ ಚಪ್ಪಲಿ ಹಾಕ್ಕೊಂಡೇ ಬನ್ನಿ. ನಮ್ಮ ಲೇಔಟಿನ ಪಾರ್ಕಲ್ಲಿ ಮಾತ್ರ ಬೇಡ, ಅಲ್ಲಿ ಆಟ ಆಡಬಾರದು ಅಂತ ಬೋರ್ಡ್ ಹಾಕಿದಾರೆ.