ಲಾಗ್ ಫೈಲು ಅಳಿಸುವ ಮುನ್ನ

ಅಧ್ಯಕ್ಷರೇ, ಮೇಲ್ ಸರ್ವರ್‌ಗಳ ಹೊಣೆ ಹೊತ್ತಿರುವ ಸಹೋದ್ಯೋಗಿ ಮಿತ್ರರೇ,

ಈ ವಿಷಯವನ್ನು ಯಾರೂ ನನಗೆ ವಹಿಸಿದ್ದಲ್ಲ, ನಾನಾಗಿಯೇ ಕೇಳಿ ಪಡೆದದ್ದು. ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ಕರೆ ಮಾಡಿ ಒಂದೇ ಮಾತು ಕೇಳಿದರು: “ಸರ್, ಲಾಗ್ ಡ್ರೈವ್ ತುಂಬಿಹೋಗಿದೆ, ಹಳೆಯ ಫೈಲುಗಳನ್ನು ಅಳಿಸಬಹುದೇ?” ಮೂವರಲ್ಲಿ ಇಬ್ಬರು ಕೇಳುವ ಹೊತ್ತಿಗಾಗಲೇ ಅಳಿಸಿ ಮುಗಿಸಿದ್ದರು. ಅಂಥವರಿಗೆ ಕೊಡಲು ನನ್ನ ಬಳಿ ಸಾಂತ್ವನವಷ್ಟೇ ಉಳಿದಿತ್ತು. ಮೂರನೆಯವರಿಗೆ ಹೇಳಿದ್ದನ್ನೇ ಇಂದು ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದಿಡುತ್ತೇನೆ.

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ತಂತ್ರಾಂಶ ಎಕ್ಸ್‌ಚೇಂಜ್‌ನ ತಳದಲ್ಲಿ ಕೆಲಸ ಮಾಡುವ ಇಎಸ್‌ಇ ಎಂಬ ಡೇಟಾಬೇಸ್ ಎಂಜಿನ್ ಹಳೆಯ ಕಾಲದ ನಿಷ್ಠಾವಂತ ಗುಮಾಸ್ತನಂತೆ ನಡೆದುಕೊಳ್ಳುತ್ತದೆ. ವ್ಯವಹಾರ ಯಾವುದೇ ಇರಲಿ, ಮೊದಲು ಕಿರ್ದಿಯಲ್ಲಿ ಬರೆಯುತ್ತದೆ, ಆಮೇಲೆ ಬಿಡುವಾದಾಗ ಖಾತೆಗೆ ಏರಿಸುತ್ತದೆ. ಕಿರ್ದಿಯೆಂದರೆ ಲಾಗ್, ಖಾತೆಯೆಂದರೆ ಡೇಟಾಬೇಸ್. ಎಲ್ಲಿಯವರೆಗೆ ಖಾತೆಗೆ ಏರಿಸಿಯಾಗಿದೆ ಎಂಬ ಗುರುತು ಚೆಕ್‌ಪಾಯಿಂಟ್ ಫೈಲಿನಲ್ಲಿರುತ್ತದೆ. 2003ರ ಆವೃತ್ತಿಯವರೆಗೆ ಒಂದೊಂದು ಲಾಗ್ ಫೈಲು 5 ಎಂಬಿ ಇತ್ತು. 2007ರ ಆವೃತ್ತಿಯಿಂದ ಈಚೆಗೆ 1 ಎಂಬಿ. ಈ ಬದಲಾವಣೆ ನಮಗೆ ಮಾಡಿದ ಒಂದು ಉಪಕಾರವನ್ನು ಯಾರೂ ನೆನೆಯುವುದಿಲ್ಲ: ಫೈಲುಗಳನ್ನು ಎಣಿಸಿದರೆ ಸಾಕು, ಎಷ್ಟು ಎಂಬಿ ಬರೆಯಲಾಗಿದೆ ಎಂಬ ಲೆಕ್ಕ ಅಲ್ಲಿಯೇ ಸಿಗುತ್ತದೆ, ಮತ್ತು ಪ್ರತಿ ಫೈಲಿನ ಮೇಲೂ ಅದು ಮುಚ್ಚಿದ ಹೊತ್ತಿನ ಮೊಹರು ಇರುತ್ತದೆ.

ಇಷ್ಟನ್ನು ನೀವೆಲ್ಲ ಬಲ್ಲಿರಿ. ಆದರೂ ಡ್ರೈವ್ ಕೆಂಪಾದ ಕೂಡಲೇ ನಾವು ಮಾಡುವುದೇನು? ಡಿಸ್ಕ್ ದೊಡ್ಡದು ಮಾಡುತ್ತೇವೆ, ಇಲ್ಲವೇ ಖಾತೆಗೆ ಏರಿದ ಲಾಗ್‌ಗಳನ್ನು ಬ್ಯಾಕಪ್‌ಗೆ ಕಾಯದೆ ತೆಗೆದುಹಾಕುವ ಸರ್ಕ್ಯುಲರ್ ಲಾಗಿಂಗ್ ಹಾಕುತ್ತೇವೆ, ಇಲ್ಲವೇ ಅಳಿಸುತ್ತೇವೆ. ಕೆರೆ ತುಂಬಿ ಏರಿಯ ಮೇಲೆ ನೀರು ಹರಿಯುತ್ತಿರುವಾಗ ತಿಳಿದವರು ಎರಡು ಸಂಗತಿ ನೋಡುತ್ತಾರೆ: ಒಳಹರಿವು ಹೆಚ್ಚಾಗಿದೆಯೋ, ಅಥವಾ ತೂಬು ಕಟ್ಟಿಕೊಂಡಿದೆಯೋ. ಲಾಗ್ ಡ್ರೈವ್‌ಗೂ ಪ್ರಶ್ನೆಗಳು ಇವೆರಡೇ. ಲಾಗ್‌ಗಳು ಹೆಚ್ಚು ಹುಟ್ಟುತ್ತಿವೆಯೇ, ಅಥವಾ ಹುಟ್ಟಿದವು ತೆರವಾಗುವುದು ನಿಂತಿದೆಯೇ? ಎರಡಕ್ಕೂ ತೋರುವ ಲಕ್ಷಣ ಒಂದೇ ಆದದ್ದರಿಂದ, ಇದನ್ನು ಬಿಡಿಸಿಕೊಳ್ಳದೆ ಮುಂದಿಟ್ಟ ಪ್ರತಿ ಹೆಜ್ಜೆಯೂ ಕತ್ತಲಲ್ಲಿ ಇಟ್ಟ ಹೆಜ್ಜೆ.

ಮೊದಲು ತೂಬಿನ ಕಡೆ ನೋಡೋಣ, ಏಕೆಂದರೆ ನನ್ನ ಅನುಭವದಲ್ಲಿ ಬಹಳಷ್ಟು ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ಪೂರ್ಣ ಬ್ಯಾಕಪ್ ಅಥವಾ ಇನ್‌ಕ್ರಿಮೆಂಟಲ್ ಬ್ಯಾಕಪ್ ಯಶಸ್ವಿಯಾದ ಮೇಲೆ ಬೇಡವಾದ ಲಾಗ್‌ಗಳನ್ನು ಎಕ್ಸ್‌ಚೇಂಜ್ ತಾನೇ ತೆಗೆಯುತ್ತದೆ. ಡಿಫರೆನ್ಷಿಯಲ್ ಬ್ಯಾಕಪ್ ಮತ್ತು ಕಾಪಿ ಬ್ಯಾಕಪ್ ತೆಗೆಯುವುದಿಲ್ಲ. ಅಪ್ಲಿಕೇಶನ್ ಈವೆಂಟ್ ಲಾಗ್‌ನಲ್ಲಿ ಇಎಸ್‌ಇಯ 224ನೇ ಈವೆಂಟ್ ಬಂದಿದ್ದರೆ ಫೈಲುಗಳನ್ನು ತೆಗೆದಿದೆಯೆಂದರ್ಥ. 225 ಬಂದಿದ್ದರೆ ತೆಗೆಯಬಹುದಾದ ಫೈಲು ಒಂದೂ ಇಲ್ಲವೆಂದರ್ಥ. ಬ್ಯಾಕಪ್ ತಂಡದವರು ಪ್ರತಿ ಬೆಳಿಗ್ಗೆ ಕಳಿಸುವ ಹಸಿರು ವರದಿಯನ್ನು ದಯವಿಟ್ಟು ಸಾಕ್ಷಿಯೆಂದು ತೆಗೆದುಕೊಳ್ಳಬೇಡಿ. ವರ್ಚುವಲ್ ಯಂತ್ರದ ಚಿತ್ರವನ್ನು ಹೊರಗಿನಿಂದ ಹಿಡಿದು, ಒಳಗಿರುವ ಎಕ್ಸ್‌ಚೇಂಜ್‌ಗೆ ಒಂದು ಮಾತೂ ಹೇಳದೆ ಹೋಗುವ ಬ್ಯಾಕಪ್ ಕೂಡ ಆ ವರದಿಯಲ್ಲಿ ಹಸಿರಾಗಿಯೇ ಕಾಣುತ್ತದೆ. ಡೇಟಾಬೇಸನ್ನೇ ಕೇಳಿ: ಕೊನೆಯ ಪೂರ್ಣ ಬ್ಯಾಕಪ್ ಯಾವಾಗ ಆಯಿತೆಂದು ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್ ಆದೇಶಕ್ಕೆ ಸ್ಟೇಟಸ್ ಎಂಬ ಸ್ವಿಚ್ ಸೇರಿಸಿದರೆ ಅದೇ ಹೇಳುತ್ತದೆ. ಅಲ್ಲಿ ತಾರೀಖಿನ ಜಾಗ ಖಾಲಿ ಇದ್ದದ್ದನ್ನೂ ನಾನು ಕಂಡಿದ್ದೇನೆ. ಆ ಡೇಟಾಬೇಸ್‌ಗೆ ಆಗ ಎರಡು ವರ್ಷ ವಯಸ್ಸಾಗಿತ್ತು.

ಡ್ಯಾಗ್, ಅಂದರೆ ಒಂದೇ ಡೇಟಾಬೇಸ್‌ನ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಇಡುವ ಗುಂಪು, ಕಟ್ಟಿಕೊಂಡಿರುವವರಿಗೆ ತೂಬು ಇನ್ನೂ ಒಂದು ಕಡೆ ಕಟ್ಟಿಕೊಳ್ಳುತ್ತದೆ. ಒಂದು ಪ್ರತಿ ಸಸ್ಪೆಂಡ್ ಆಗಿ ಅಥವಾ ಕೆಟ್ಟು ನಿಂತಿದ್ದರೆ, ಅದಕ್ಕೆ ಬೇಕಾಗಬಹುದೆಂದು ಉಳಿದ ಪ್ರತಿಗಳೂ ಲಾಗ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ದೂರದ ಕೇಂದ್ರದಲ್ಲಿ ಯಾರೋ ಸರ್ವರ್ ನಿಲ್ಲಿಸಿ ಮರೆತರೆ ಇಲ್ಲಿ ನಿಮ್ಮ ಡ್ರೈವ್ ತುಂಬುತ್ತದೆ.

ಈಗ ಒಳಹರಿವಿಗೆ ಬರುತ್ತೇನೆ. ಇದಕ್ಕೆ ನನ್ನ ಬಳಿ ಒಂದು ಕಥೆಯಿದೆ. ಮುಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ಕೇಳಿದವರು ಕ್ಷಮಿಸಬೇಕು, ಕೇಳದವರ ಸಲುವಾಗಿ ಹೇಳುತ್ತೇನೆ.

ಒಂದು ಶನಿವಾರ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಕಚೇರಿಯ ಕಿರಿಯ ಅಡ್ಮಿನ್‌ನಿಂದ ಕರೆ ಬಂತು. ಡೇಟಾಬೇಸ್ ಡಿಸ್‌ಮೌಂಟ್ ಆಗಿ, ಅಂದರೆ ಬಳಕೆಯಿಂದ ಕಳಚಿಕೊಂಡು, ನಿಂತಿದೆ, ಲಾಗ್ ಡ್ರೈವ್‌ನಲ್ಲಿ ಒಂದು ಬೈಟ್ ಜಾಗವೂ ಇಲ್ಲ, ಸರ್ವರನ್ನು ಎರಡು ಸಲ ರೀಸ್ಟಾರ್ಟ್ ಮಾಡಿದ್ದಾನೆ. “ಅಳಿಸಿದೆಯೇನಪ್ಪಾ?” ಎಂದೆ. “ಇಲ್ಲ ಸರ್, ಹಳೆಯ ಅರ್ಧದಷ್ಟನ್ನು ಬೇರೆ ಡಿಸ್ಕ್‌ಗೆ ಸರಿಸಿದೆ” ಎಂದ. ಅವನು ಸರಿಸಿದ್ದನಲ್ಲ, ಅಳಿಸಿರಲಿಲ್ಲವಲ್ಲ, ಅದೊಂದಕ್ಕೆ ನಾನು ಅವನಿಗೆ ಇಂದಿಗೂ ಋಣಿ. ಏಕೆಂದರೆ ಜಾಗ ಮಾಡಿಕೊಟ್ಟ ಮೇಲೂ ಡೇಟಾಬೇಸ್ ಮೌಂಟ್ ಆಗಲಿಲ್ಲ. ಎಸಿಯುಟಿಲ್ ಎಂಬ ದುರಸ್ತಿ ಸಾಧನದಿಂದ ಡೇಟಾಬೇಸ್‌ನ ತಲೆಬರಹ ತೆಗೆದು ನೋಡಿದರೆ ‘ಡರ್ಟಿ ಶಟ್‌ಡೌನ್’ ಎಂದಿತ್ತು, ಅಂದರೆ ಕಿರ್ದಿಯದೆಲ್ಲ ಖಾತೆಗೆ ಏರುವ ಮುನ್ನವೇ ನಿಂತಿದೆ ಎಂದು. ಅದರ ಕೆಳಗೆ ‘ಲಾಗ್ ರಿಕ್ವೈರ್ಡ್’ ಎಂಬ ಸಾಲಿನಲ್ಲಿ ಇಂತಿಂಥ ಸಂಖ್ಯೆಯ ಫೈಲುಗಳು ಬೇಕೇ ಬೇಕು ಎಂದು ಬರೆದಿತ್ತು. ಆ ಫೈಲುಗಳು ಡ್ರೈವ್‌ನಲ್ಲಿರಲಿಲ್ಲ. ನಡೆದದ್ದೇನೆಂದರೆ, ಅವನ ಪರದೆಯ ಮೇಲೆ ಫೈಲುಗಳು ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಕ್ರಮದಲ್ಲಿದ್ದವು. ಗಾಬರಿಯಲ್ಲಿ ಅವನು ಮೇಲಿನಿಂದ ಅರ್ಧ ಆರಿಸಿ ಸರಿಸಿದ್ದ. ಹಳೆಯವೆಂದು ಎತ್ತಿಟ್ಟದ್ದು ಅಂದಿನ ತಾಜಾ ಲಾಗ್‌ಗಳನ್ನೇ. ಅವನ್ನು ಮರಳಿ ತಂದಿಟ್ಟ ಮೇಲೆ ಡೇಟಾಬೇಸ್ ಎದ್ದು ಕೂತಿತು. ಅಳಿಸಿದ್ದರೆ ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ಹಳೆಯ ಬ್ಯಾಕಪ್, ಅಥವಾ ಸಿಗದ ಪುಟಗಳನ್ನು ಕಿತ್ತೆಸೆದು ಗಾಯ ಹೊಲಿಯುವ ಎಸಿಯುಟಿಲ್‌ನ ರಿಪೇರಿ.

ಆದರೆ ನಾನು ಈ ಕಥೆಯನ್ನು ಮತ್ತೆ ಮತ್ತೆ ಹೇಳುವುದು ಅದಕ್ಕಲ್ಲ. ಮೌಂಟ್ ಆದ ಮೇಲೆ ನಾವಿಬ್ಬರೂ ಕುಳಿತು, ಎಲ್ಲ ಲಾಗ್ ಫೈಲುಗಳನ್ನು ಅವುಗಳ ಹೊತ್ತಿನ ಮೊಹರಿನ ಪ್ರಕಾರ ಗಂಟೆಗಂಟೆಗೆ ಗುಂಪು ಮಾಡಿದೆವು. ವಿಂಡೋಸ್‌ನ ಆದೇಶ ಭಾಷೆ ಪವರ್‌ಶೆಲ್‌ನಲ್ಲಿ ಅದು ಒಂದು ಸಾಲಿನ ಕೆಲಸ. ಬುಧವಾರದ ತನಕ ಅಂಕಿಗಳು ನಿರೀಕ್ಷೆಯಂತೆಯೇ ಇದ್ದವು: ಬೆಳಿಗ್ಗೆ ಹತ್ತಕ್ಕೆ ಏರುವುದು, ಮಧ್ಯಾಹ್ನ ಒಂದಕ್ಕೆ ತುಸು ಇಳಿಯುವುದು, ಸಂಜೆ ಆರಕ್ಕೆ ಕುಸಿಯುವುದು. ಗುರುವಾರ ಮಧ್ಯಾಹ್ನದಿಂದ ಗಂಟೆಗೆ ಎರಡು ಸಾವಿರದ ಹತ್ತಿರ ಫೈಲುಗಳು, ಹಗಲಿಗೂ ಅಷ್ಟೇ, ರಾತ್ರಿ ಮೂರಕ್ಕೂ ಅಷ್ಟೇ. ಮನುಷ್ಯ ಬರೆಯುವ ಲಾಗ್‌ಗೆ ಊಟದ ಹೊತ್ತು ಇರುತ್ತದೆ, ನಿದ್ದೆಯ ಹೊತ್ತು ಇರುತ್ತದೆ. ಈ ಬರವಣಿಗೆಗೆ ಎರಡೂ ಇರಲಿಲ್ಲ. ಯಾವುದೋ ಯಂತ್ರ ಬಿಡದೆ ಏನನ್ನೋ ಮಾಡಲೆತ್ನಿಸಿ, ಸೋತು, ಮತ್ತೆ ಮಾಡುತ್ತಿದೆ ಎಂಬುದು ಆ ಪಟ್ಟಿಯಿಂದಲೇ ಸ್ಪಷ್ಟವಾಯಿತು. ಗಮನಿಸಿ, ಹುಡುಗ ಅಳಿಸಿದ್ದರೆ ಹೋಗುತ್ತಿದ್ದದ್ದು ಈ ಪಟ್ಟಿಯೇ.

ಮುಂದಿನ ಕೆಲಸ ಸುಲಭ. ಗೆಟ್-ಸ್ಟೋರ್‌ಯೂಸೇಜ್‌ಸ್ಟಾಟಿಸ್ಟಿಕ್ಸ್ ಎಂಬ ಆದೇಶ ಕಳೆದ ಹತ್ತು ನಿಮಿಷಗಳಲ್ಲಿ ಹೆಚ್ಚು ಹೊರೆ ಹಾಕಿದ ಮೇಲ್‌ಬಾಕ್ಸ್‌ಗಳನ್ನು ಸಾಲಾಗಿ ತೋರಿಸುತ್ತದೆ. 2013ರ ಆವೃತ್ತಿಯಿಂದ ಈಚೆಗೆ, ಬರೆದ ಲಾಗ್ ಬೈಟ್‌ಗಳ ಪ್ರಕಾರವೇ ಸಾಲು ಮಾಡಿಸಬಹುದು. ಮೊದಲ ಹೆಸರಿಗೂ ಎರಡನೆಯ ಹೆಸರಿಗೂ ಅಜಗಜಾಂತರವಿತ್ತು. ಮೊದಲನೆಯದು ಒಬ್ಬ ಹಿರಿಯ ಅಧಿಕಾರಿಯ ಮೇಲ್‌ಬಾಕ್ಸ್. ಅವರಾದರೋ ಗುರುವಾರ ಬೆಳಿಗ್ಗೆಯೇ ಮೂರು ವಾರದ ರಜೆಯ ಮೇಲೆ ಹೋಗಿದ್ದರು. ವೆಬ್ ಕೋರಿಕೆಗಳನ್ನು ದಾಖಲಿಸುವ ಐಐಎಸ್ ಲಾಗ್‌ನಲ್ಲಿ ಆ ಹೆಸರು ಹುಡುಕಿದರೆ ಫೋನುಗಳು ಪತ್ರ ಹೊಂದಿಸಿಕೊಳ್ಳುವ ಆಕ್ಟಿವ್‌ಸಿಂಕ್ ಕೋರಿಕೆಗಳ ಸಾಲು ಮುಗಿಯುವುದೇ ಇಲ್ಲ, ಎಲ್ಲವೂ ಒಂದೇ ಫೋನಿನಿಂದ. ಆ ಒಂದು ಫೋನಿಗೆ ಬಾಗಿಲು ಮುಚ್ಚಿದೆವು. ಲಾಗ್ ಹುಟ್ಟುವ ವೇಗ ಆಗಲೇ ರಾತ್ರಿಯ ಮಟ್ಟಕ್ಕೆ ಇಳಿಯಿತು. ಸೋಮವಾರ ಹೋಗಿ ನೋಡಿದರೆ, ಅವರ ಮೇಜಿನ ಖಾನೆಯಲ್ಲಿ ಕಚೇರಿಯ ಹಳೆಯ ಫೋನೊಂದು ಚಾರ್ಜರ್‌ಗೆ ಸಿಕ್ಕಿಸಿದಂತೆಯೇ, ಮುಟ್ಟಿದರೆ ಬಿಸಿಯಾಗಿ ಮಲಗಿತ್ತು. ಹೊರಡುವ ಮುನ್ನ ಅವರು ಪ್ರತಿ ವಾರ ನಡೆಯುವ ಸಭೆಯೊಂದರ ಒಂದೇ ಒಂದು ದಿನವನ್ನು ಅದರಲ್ಲಿ ಬದಲಾಯಿಸಿ ಹೋಗಿದ್ದರು.

ಇದು ನಮ್ಮೊಬ್ಬರ ದುರದೃಷ್ಟವೆಂದು ತಿಳಿಯಬೇಡಿ. 2013ರ ಆರಂಭದಲ್ಲಿ ಐಫೋನ್‌ನ ತಂತ್ರಾಂಶ ಐಓಎಸ್ 6.1 ಬಂದಾಗ, ಮರುಕಳಿಸುವ ಸಭೆಯ ಒಂದು ಬದಲಾವಣೆಗೆ ಫೋನಿನಿಂದ ಉತ್ತರಿಸಿದರೆ ಇಂಥದ್ದೇ ಅವಾಂತರವಾಗಿ, ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ ಲಾಗ್‌ಗಳು ಉಕ್ಕಿದ್ದವು. ಮೈಕ್ರೋಸಾಫ್ಟ್ ಆ ಬಗ್ಗೆ ಸೂಚನೆ ಹೊರಡಿಸಿತು, ಆಪಲ್ ಫೆಬ್ರವರಿಯಲ್ಲಿ 6.1.2 ತಂದು ದೋಷವನ್ನು ಸರಿಪಡಿಸಿತು. ನಡುವಿನ ದಿನಗಳಲ್ಲಿ ಎಷ್ಟು ಮಂದಿ ಅಡ್ಮಿನ್‌ಗಳು ಹೊಸ ಡಿಸ್ಕ್‌ಗೆ ಟಿಪ್ಪಣಿ ಬರೆದರೋ ದೇವರೇ ಬಲ್ಲ.

ಬರೆಯುವ ಇತರ ಕೈಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಿತಿಗಿಂತ ದೊಡ್ಡ ಅಟ್ಯಾಚ್‌ಮೆಂಟ್ ಸಿಕ್ಕಿಸಿಕೊಂಡು ಔಟ್‌ಬಾಕ್ಸ್‌ನಲ್ಲೇ ನಿಂತ ಒಂದು ಪತ್ರ, ಬಳಕೆದಾರನಿಗೆ ಅರಿವೇ ಇಲ್ಲದೆ, ಮತ್ತೆ ಮತ್ತೆ ಸರ್ವರ್‌ಗೆ ಏರಲೆತ್ನಿಸುತ್ತಿರುತ್ತದೆ. ಎರಡು ಕಡೆಯ ತಾನಾಗಿ ಉತ್ತರಿಸುವ ನಿಯಮಗಳು ಒಂದಕ್ಕೊಂದು ಪತ್ರ ಬರೆಯುತ್ತ ಕೂರುವುದೂ ಉಂಟು. ಮೆಸೇಜ್ ಟ್ರ್ಯಾಕಿಂಗ್ ಲಾಗ್‌ನಲ್ಲಿ ಒಂದೇ ವಿಷಯದ ಸಾಲು ಎಣಿಸಿದರೆ ಸಿಕ್ಕಿಬೀಳುತ್ತವೆ. ದೊಡ್ಡ ವಿತರಣಾ ಪಟ್ಟಿಗೆ ಯಾರೋ ಬರೆದು, ‘ನನ್ನ ಹೆಸರು ತೆಗೆಯಿರಿ’ ಎಂದು ಎಲ್ಲರೂ ಎಲ್ಲರಿಗೂ ಉತ್ತರಿಸುವುದು ಇನ್ನೊಂದು. 1997ರಲ್ಲಿ ಇದು ಮೈಕ್ರೋಸಾಫ್ಟ್‌ನ ಒಳಗೇ ‘ಬೆಡ್ಲಮ್ ಡಿಎಲ್3’ ಎಂಬ ಪಟ್ಟಿಯಿಂದ ನಡೆದುಹೋಯಿತು. ಎಕ್ಸ್‌ಚೇಂಜ್ ಮಾಡಿದವರೇ ಅದರಡಿ ಸಿಕ್ಕಿ ನರಳಿದರು. ಇನ್ನು ಮೇಲ್‌ಬಾಕ್ಸ್‌ಗಳನ್ನು ಸಾಗಿಸುವಾಗ, ಹೋಗಿ ಸೇರುವ ಡೇಟಾಬೇಸ್‌ನಲ್ಲಿ ಸಾಗಿಸಿದಷ್ಟೇ ಗಾತ್ರದ ಲಾಗ್ ಹುಟ್ಟುತ್ತದೆ. ಅದು ರೋಗವಲ್ಲ, ಕೆಲಸದ ಸಹಜ ಖರ್ಚು. ಹಾಗೆಂದು ಒಂದೇ ರಾತ್ರಿ 500 ಜಿಬಿ ಸಾಗಿಸಹೊರಟು ಬೆಳಿಗ್ಗೆ ಬೆರಗಾಗುವುದು ತರವಲ್ಲ.

ಸರ್ಕ್ಯುಲರ್ ಲಾಗಿಂಗ್ ಹಾಕಿದರೇನು ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಸಾಗಾಟದ ರಾತ್ರಿಗೆ, ಮೊದಲು ಮತ್ತು ಆಮೇಲೆ ಪೂರ್ಣ ಬ್ಯಾಕಪ್ ಇಟ್ಟುಕೊಂಡು, ಹಾಕಿ, ನನ್ನ ತಕರಾರಿಲ್ಲ. ಆದರೆ ಅಸಹಜ ಬೆಳವಣಿಗೆಯ ನಡುವೆ ಹಾಕಿದರೆ ಎರಡು ನಷ್ಟ. ಒಂದೇ ಪ್ರತಿಯ ಡೇಟಾಬೇಸ್ ಕೆಟ್ಟರೆ ಕೊನೆಯ ಬ್ಯಾಕಪ್‌ನಿಂದ ಈಚಿನ ಪತ್ರಗಳನ್ನು ಮರಳಿಸಲು ಲಾಗ್‌ಗಳಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಂಟೆಗಂಟೆಯ ಆ ಪಟ್ಟಿ ಕಣ್ಣೆದುರೇ ಕರಗಿಹೋಗುತ್ತದೆ. ಒಳಹರಿವು ಮಾತ್ರ ಹಾಗೆಯೇ ಇರುತ್ತದೆ: ಡಿಸ್ಕ್ ಉರಿಯುತ್ತಿರುತ್ತದೆ, ಫೋನು ಖಾನೆಯಲ್ಲಿ ಬಿಸಿಯಾಗುತ್ತಲೇ ಇರುತ್ತದೆ, ನಿಮಗೆ ಮಾತ್ರ ಎಚ್ಚರಿಕೆಯ ಗಂಟೆ ಕೇಳಿಸುವುದಿಲ್ಲ.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು. ಡೇಟಾಬೇಸ್ ಬೆಳವಣಿಗೆಗೆ ಅರ್ಧ ಗಂಟೆ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಐದು ನಿಮಿಷಕ್ಕೆ ಇಳಿಸುತ್ತೇನೆ.

ಮೇಲ್‌ಬಾಕ್ಸ್‌ಗಳ ಗಾತ್ರವನ್ನೆಲ್ಲ ಕೂಡಿಸಿದರೆ 300 ಜಿಬಿ, ಡೇಟಾಬೇಸ್ ಫೈಲು ಮಾತ್ರ 500 ಜಿಬಿ ಎಂದಾದರೆ, ಮೊದಲು ಒಳಗಿನ ಖಾಲಿ ಜಾಗವೆಷ್ಟು ಎಂದು ನೋಡಿ. ಪತ್ರ ಅಳಿಸಿದರೆ ಫೈಲು ಕುಗ್ಗುವುದಿಲ್ಲ, ಒಳಗೆ ಜಾಗ ಬಿಡುವಾಗುತ್ತದೆ ಅಷ್ಟೇ. ಅದನ್ನು ಹೊಸ ಪತ್ರಗಳು ತುಂಬಿಕೊಳ್ಳುತ್ತವೆ. ಕುಗ್ಗಿಸಲೇಬೇಕೆಂದರೆ ಹೊಸ ಡೇಟಾಬೇಸ್ ತೆರೆದು ಮೇಲ್‌ಬಾಕ್ಸ್‌ಗಳನ್ನು ಅಲ್ಲಿಗೆ ಸಾಗಿಸಿ. ಡೇಟಾಬೇಸ್ ನಿಲ್ಲಿಸಿ ಫೈಲನ್ನು ಹೊಸದಾಗಿ ಬರೆಯುವ ಆಫ್‌ಲೈನ್ ಡಿಫ್ರಾಗ್ ಮಾಡಹೊರಟರೆ ಡೇಟಾಬೇಸ್‌ನ ಗಾತ್ರದ 110 ಶೇಕಡಾದಷ್ಟು ಖಾಲಿ ಜಾಗ ಬೇಕು, ಮುಗಿಯುವವರೆಗೆ ಯಾರಿಗೂ ಪತ್ರ ಸಿಗುವುದಿಲ್ಲ.

ಖಾಲಿ ಜಾಗವೂ ಅಲ್ಲವೆಂದರೆ ರಿಕವರೆಬಲ್ ಐಟಂಸ್ ಫೋಲ್ಡರ್ ತೆರೆದು ನೋಡಿ. ಅಳಿಸಿದ ಪತ್ರ ಸಾಮಾನ್ಯವಾಗಿ 14 ದಿನ ಅಲ್ಲಿರುತ್ತದೆ. ಮೇಲ್‌ಬಾಕ್ಸ್, ಮೊಕದ್ದಮೆಗಾಗಿ ಎಲ್ಲವನ್ನೂ ಕಾದಿಡುವ ಲಿಟಿಗೇಶನ್ ಹೋಲ್ಡ್‌ನಲ್ಲಿದ್ದರೆ ಅಳಿಸಿದ್ದೂ ಹೋಗುವುದಿಲ್ಲ, ತಿದ್ದಿದ್ದರ ಹಳೆಯ ರೂಪವೂ ಹೋಗುವುದಿಲ್ಲ. ಯಾವುದೋ ತಂತ್ರಾಂಶ ಒಂದೇ ಕ್ಯಾಲೆಂಡರ್ ನಮೂದನ್ನು ದಿನವಿಡೀ ತಿದ್ದುತ್ತಿದ್ದರೆ ಅಷ್ಟೂ ಆವೃತ್ತಿಗಳು ಅಲ್ಲಿ ಪೇರಿಸಿಕೊಳ್ಳುತ್ತವೆ. ಅಲ್ಲಿಗೂ ಕೇಳಬೇಕಾದ ಪ್ರಶ್ನೆ ಅದೇ: ಬರೆಯುತ್ತಿರುವವರು ಯಾರು, ತೆರವಾಗದಂತೆ ತಡೆದಿರುವುದು ಏನು? 2019ರ ಆವೃತ್ತಿಗೆ ಹೋದವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಹುಡುಕಾಟದ ಸೂಚಿ ಮೊದಲು ಪಕ್ಕದ ಫೋಲ್ಡರಿನಲ್ಲಿತ್ತು, ಈಗ ಡೇಟಾಬೇಸ್‌ನೊಳಗೇ ಕೂತಿದೆ.

ಇದುವರೆಗೆ ಹೇಳಿದ ಕಿರ್ದಿ, ಅಂದರೆ ಟ್ರಾನ್ಸಾಕ್ಷನ್ ಲಾಗ್, ಅಲ್ಲದ ಬರಿಯ ಪಠ್ಯ ಲಾಗ್‌ಗಳ ಮಾತು ಬಿಟ್ಟುಹೋಯಿತು. ಐಐಎಸ್ ಲಾಗ್‌ಗಳನ್ನು ವಿಂಡೋಸ್ ತಾನಾಗಿ ಎಂದೂ ತೆಗೆಯುವುದಿಲ್ಲ, ಸಿ ಡ್ರೈವ್ ತುಂಬಿದರೆ ಮೊದಲು ಅಲ್ಲಿ ನೋಡಿ. ಜಾಗ ತೀರಿದರೆ ಬ್ಯಾಕ್ ಪ್ರೆಷರ್ ಎಂಬ ರಕ್ಷಣಾ ವ್ಯವಸ್ಥೆ ಎದ್ದು ಹೊರಗಿನ ಪತ್ರಗಳಿಗೆ ಸರ್ವರ್ 452, ಅಂದರೆ ಈಗ ಸಂಪನ್ಮೂಲ ಸಾಲದು, ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಈ ಹಳೆಯವನ್ನು ಅಳಿಸಬಹುದು. ಹೌದು, ಅಳಿಸಬಹುದು ಎಂದೇ ಹೇಳಿದೆ. ಬರೆದುಕೊಳ್ಳುತ್ತಿರುವವರು ಯಾವ ಲಾಗ್ ಎಂಬುದನ್ನೂ ದಯವಿಟ್ಟು ಜೊತೆಗೇ ಬರೆದುಕೊಳ್ಳಿ.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆಯೆಂದು ಚೀಟಿ ಬಂದಿದೆ. ಏನು ಬೇಕಾದರೂ ಕೇಳಿ, ಆ ಫೋನು ಯಾರದೆಂಬುದೊಂದನ್ನು ಬಿಟ್ಟು.